ಕಲ್ಲಾದ ಕಾಳಿ, ಮುದಿಯಾದ ಕರಿಯ

ಕನ್ನಡದಲ್ಲಿ ‘ನಾಯಿಪಾಡು’ ಎಂಬ ಮಾತಿದೆ. ಅದನ್ನು ನಾವು ಬಳಸುವುದು ಮಾತ್ರ ಮನುಷ್ಯರಿಗೆ. ಪಿಂಚಣಿ ಬಾರದ ನೌಕರ, ಮಕ್ಕಳು ವಿಚಾರಿಸದ ಅಪ್ಪ-ಅಮ್ಮ, ಬೆಲೆ ಬಿದ್ದ ವರ್ಷದ ರೈತ, ಎಲ್ಲರದೂ ನಾಯಿಪಾಡೇ. ನಾಯಿಯ ಪಾಡೇನು ಎಂದು ಕೇಳಿದವರು ಕಡಿಮೆ. ಅದರಲ್ಲೂ ಹಲ್ಲುದುರಿ, ಕಣ್ಣಿಗೆ ಪೊರೆ ಬಂದು, ಹಿಂಗಾಲು ಎಳೆಯುವ ಮುದಿನಾಯಿಯ ಪಾಡು ಯಾರ ಲೆಕ್ಕಕ್ಕೂ ಬಂದಂತಿಲ್ಲ.

ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯ ಸುತ್ತಮುತ್ತ ನಾಯಿಯೆಂದರೆ ಕೆಲಸದ ಪ್ರಾಣಿ. ಇದು ತೆಂಗಿನ ಸೀಮೆ. ಕಾಯಿ ಕೆಡವಿ ಅಟ್ಟಕ್ಕೇರಿಸಿದರೆ ಒಳಗಿನ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿಯಾಗಲು ಹತ್ತು-ಹನ್ನೊಂದು ತಿಂಗಳು ಹಿಡಿಯುತ್ತದೆ. ಒಂದು ವರ್ಷದ ದುಡಿಮೆಯಷ್ಟೂ ಅಟ್ಟದ ಮೇಲೆ ಕೂತಿರುವಾಗ ಕೆಳಗೆ ಬೊಗಳುವುದಕ್ಕೊಂದು ಬೇಕೇ ಬೇಕು. ಸಂಬಳವೆಂದರೆ ಮಿಕ್ಕ ಮುದ್ದೆ, ಒಂದಿಷ್ಟು ಸಾರು. ಹೆಸರು ಬಹುಪಾಲು ಕರಿಯನೋ ಕೆಂಚನೋ ಆಗಿರುತ್ತದೆ. ಹಲ್ಲು ಬೇಡದ ಊಟ ಮುದ್ದೆ. ಆ ಮಟ್ಟಿಗೆ ಮುದಿನಾಯಿಗೆ ನಮ್ಮ ಸೀಮೆಯ ಅಡುಗೆ ಅನುಕೂಲವೇ ಸರಿ! ಆದರೆ ಬೊಗಳುವುದು ನಿಂತ ಮೇಲೆ ಬಾಗಿಲಲ್ಲಿ ಇನ್ನೊಂದು ಮರಿ ಕಾಣಿಸಿಕೊಳ್ಳುತ್ತದೆ. ಹಳೆಯದು ಅರಳೀಕಟ್ಟೆಯ ಕಡೆಗೋ ಗುಡಿಯ ಹಿಂಬದಿಗೋ ಸರಿಯುತ್ತದೆ. ಯಾರೂ ಹೊಡೆದು ಓಡಿಸುವುದಿಲ್ಲ, ಯಾರೂ ಕರೆದು ಕೂರಿಸಿಕೊಳ್ಳುವುದೂ ಇಲ್ಲ.

ಇಲ್ಲಿಂದ ಸುಮಾರು 140 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಈಗ ಇದಕ್ಕೆ ತದ್ವಿರುದ್ಧವಾದ ರೂಢಿಯೊಂದು ಬೆಳೆದಿದೆ. ಬೀದಿಯಿಂದಲೋ, ಕೈಬಿಟ್ಟ ಮನೆಯಿಂದಲೋ ರಕ್ಷಿಸಿ ತಂದ ಹತ್ತು-ಹನ್ನೆರಡು ವರ್ಷದ ನಾಯಿಯನ್ನು, ಅದು ಇನ್ನು ಒಂದೆರಡು ವರ್ಷವಷ್ಟೇ ಬದುಕೀತು ಎಂದು ತಿಳಿದೂ ತಿಳಿದೂ, ಅರ್ಜಿ ಹಾಕಿ ಮನೆಗೆ ಕರೆದೊಯ್ಯುವವರಿದ್ದಾರೆ. ಹಳ್ಳಿಯ ಕಟ್ಟೆಯಲ್ಲಿ ಇದನ್ನು ಹೇಳಿದರೆ ನಗು ಬಂದೀತು. ನಗುವ ಮೊದಲು, ನಾಯಿಯ ವಿಷಯದಲ್ಲಿ ಕನ್ನಡ ನಾಡು ಏನೇನು ಮಾಡಿದೆ ಎಂಬುದನ್ನು ಒಮ್ಮೆ ತಿರುಗಿ ನೋಡಬೇಕು.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದದ್ದು. ಮೇಲ್ಭಾಗದಲ್ಲಿ ನಾಯಿಯೊಂದು ಕಾಡುಹಂದಿಯ ಮೇಲೆರಗಿರುವ ಚಿತ್ರ, ಸುತ್ತ ಹಳಗನ್ನಡದ ಅಕ್ಷರಗಳು. ಶಕ ವರ್ಷ 872, ಅಂದರೆ ಕ್ರಿ.ಶ. 949-50ರ ಶಾಸನ. ಇತಿಹಾಸ ಓದಿದವರಿಗೆ ಇದು ಗೊತ್ತಿರುವುದು ತಕ್ಕೋಲದ ಯುದ್ಧದಿಂದ. ರಾಷ್ಟ್ರಕೂಟ ಮೂರನೇ ಕೃಷ್ಣ ಚೋಳರ ರಾಜಾದಿತ್ಯನ ಮೇಲೆ ದಂಡೆತ್ತಿ ಹೋದದ್ದು, ಗಂಗರ ಇಮ್ಮಡಿ ಬೂತುಗನ ಕೈಯಲ್ಲಿ ರಾಜಾದಿತ್ಯ ಹತನಾದದ್ದು, ಬೂತುಗನಿಗೆ ಬನವಾಸಿ ಮುಂತಾದ ನಾಡುಗಳು ದೊರೆತದ್ದು ಎಲ್ಲವೂ ಇದರಲ್ಲಿದೆ. ಆದರೆ ಕಲ್ಲು ನೆಟ್ಟದ್ದು ಇವರಾರಿಗೂ ಅಲ್ಲ. ನೆಟ್ಟದ್ದು ಕಾಳಿ ಎಂಬ ಬೇಟೆನಾಯಿಗೆ.

ಬೂತುಗನ ಕಡೆಯ ವೀರ ಮಣಲೇರ. ಯುದ್ಧದಲ್ಲಿ ಮೆರೆದ ಅವನಿಗೆ ಏನು ಬೇಕೋ ಕೇಳು ಎಂಬ ಮಾತು ಬಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ನಾಯಿಯನ್ನು ಕೇಳಿದ. ಮುಂದೆ ಕೆಲಲೆ ನಾಡಿನ ಬೆಳತೂರಿನ ಬಳಿಯ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಅದರ ಹೆಸರಿಗೆ ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೇ ತಗಲಲಿ ಎಂಬ ಕಟ್ಟಳೆಯೂ ಉಂಟು.

ಈ ಕಡೆಯ ಸಾಲು ಗಮನಿಸಬೇಕಾದ್ದು. ಒಂದು ಪ್ರಾಣಿಯನ್ನು ದಿನವೂ ನೋಡಿಕೊಳ್ಳಬೇಕಾದರೆ ಏನೇನು ಬೇಕೆಂದು ಸಾವಿರ ವರ್ಷದ ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಖರ್ಚಿಗೆ ಆದಾಯ, ಅದಕ್ಕೊಬ್ಬ ಜವಾಬ್ದಾರ, ತಪ್ಪಿದರೆ ಶಿಕ್ಷೆ. ಇಂದಿನ ಟ್ರಸ್ಟ್ ಪತ್ರದಲ್ಲೂ ಇದಕ್ಕಿಂತ ಹೆಚ್ಚಿಗೆ ಇರುವುದಿಲ್ಲ. ವ್ಯತ್ಯಾಸವೆಂದರೆ ಈ ಏರ್ಪಾಡೆಲ್ಲ ಸತ್ತ ನಾಯಿಗೆ. ಕಾಳಿ ಹಂದಿಯಿಂದ ಬದುಕಿ ಬಂದು, ಹಲ್ಲು ಕಳೆದುಕೊಂಡು, ಮಣಲೇರನ ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಮಲಗಿದ್ದರೆ ಎರಡು ಖಂಡುಗ ಭೂಮಿ ಸಿಗುತ್ತಿತ್ತೇ? ನನಗಂತೂ ಅನುಮಾನ.

ಆ ಮೇಲಿನ ಕಾಲಕ್ಕೂ ನಾಯಿಗೆ ನಮ್ಮಲ್ಲಿ ಗೌರವ ಇಲ್ಲದಿರಲಿಲ್ಲ. ತುರುವೇಕೆರೆಗೆ ದೂರವಲ್ಲದ ಆದಿಚುಂಚನಗಿರಿಯ ಕಾಲಭೈರವನಿಗೆ ನಾಯಿಯೇ ವಾಹನ. ಮೈಲಾರಲಿಂಗನ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ, ದೋಣಿಗೆ ಹಾಕಿದ ಪ್ರಸಾದವನ್ನು ಬೊಗಳುತ್ತ ತಿನ್ನುವ ಆಚರಣೆ ಇದೆ. ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ 2010ರಲ್ಲಿ ನಾಯಿಗಳಿಗೆಂದೇ ಗುಡಿ ಕಟ್ಟಿ, ಎರಡು ನಾಯಿಗಳ ವಿಗ್ರಹವಿಟ್ಟು ಪೂಜೆ ನಡೆಸಿಕೊಂಡು ಬಂದಿದ್ದಾರೆ. ಆತಕೂರಿಗೂ ವಳಗೆರೆಹಳ್ಳಿಗೂ ಕಾಲದಲ್ಲಿ ಸಾವಿರ ವರ್ಷ ಅಂತರ. ಮನಸ್ಸು ಹೆಚ್ಚು ಬದಲಾದಂತಿಲ್ಲ. ಮಹಾಭಾರತದ ಕೊನೆಯಲ್ಲಿ ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆ ಎನ್ನುತ್ತಾನೆ. ಶರಣು ಬಂದದ್ದನ್ನು ಕೈಬಿಡಲಾರೆ ಎಂಬ ಆ ಹಟದ ಮಾತೇ ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರ. ಆದರೆ ಅಲ್ಲೂ ನಾಯಿ ಕಡೆಗೆ ಧರ್ಮದೇವತೆಯಾಗಿ ರೂಪ ಬದಲಿಸಿಬಿಡುತ್ತದೆ. ಮುದಿಯಾಗುವ ಕಷ್ಟ ಅದಕ್ಕಿಲ್ಲ.

ಮುದಿನಾಯಿಯ ಪ್ರಶ್ನೆ ಏಳದಿರಲು ಒರಟಾದ ಕಾರಣವೂ ಒಂದಿದೆ. ನಾಯಿಗಳು ಮುದಿಯಾಗುತ್ತಿದ್ದುದೇ ಅಪರೂಪ. ಪಶ್ಚಿಮ ಬಂಗಾಳದ ಸಂಶೋಧಕರು 364 ಬೀದಿಮರಿಗಳನ್ನು ಬೆನ್ನುಹತ್ತಿ ನೋಡಿ 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಏಳು ತಿಂಗಳು ದಾಟಿದವು ನೂರಕ್ಕೆ 19 ಮಾತ್ರ. ಸತ್ತವುಗಳಲ್ಲಿ ನೂರಕ್ಕೆ 63ಕ್ಕೆ ಒಂದಲ್ಲ ಒಂದು ಬಗೆಯಲ್ಲಿ ಮನುಷ್ಯನೇ ಕಾರಣ. ನಮ್ಮ ಕಡೆ ಇನ್ನೊಬ್ಬ ಪಾಲುದಾರನಿದ್ದಾನೆ, ಚಿರತೆ. ಮಹಾರಾಷ್ಟ್ರದ ಅಕೋಲೆ ಭಾಗದ ಹೊಲಗದ್ದೆಗಳಲ್ಲಿ ಚಿರತೆಯ ಆಹಾರವನ್ನು ಪರೀಕ್ಷಿಸಿದಾಗ ತೂಕದ ಲೆಕ್ಕದಲ್ಲಿ ನೂರಕ್ಕೆ 39 ಪಾಲು ಸಾಕುನಾಯಿಯೇ ಇತ್ತೆಂದು 2014ರ ವರದಿ ಹೇಳಿತು. 2019-20ರಲ್ಲಿ ಮನುಷ್ಯರನ್ನೇ ಕೊಂದ ಚಿರತೆಗಳನ್ನು ಕಂಡ ತುಮಕೂರು ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೋಟದ ಮನೆಯಲ್ಲಿ ಕಿವಿ ಮಂದವಾದ ನಾಯಿ ಒಂದು ರಾತ್ರಿ ಸದ್ದಿಲ್ಲದೆ ಮಾಯವಾದರೆ ಯಾರೂ ಹುಡುಕಲು ಹೋಗುವುದಿಲ್ಲ.

ಪೇಟೆಯಲ್ಲಿ ಚಿರತೆಯ ಕೆಲಸವನ್ನು ಪುರಸಭೆಗಳು ಮಾಡುತ್ತಿದ್ದವು. ಬೀದಿನಾಯಿ ಕೊಲ್ಲುವ ಆಜ್ಞೆಯ ವಿರುದ್ಧ ಬೊಂಬಾಯಿಯಲ್ಲಿ ಪಾರ್ಸಿಗಳು 1832ರಲ್ಲಿ ದೊಂಬಿಯನ್ನೇ ಎಬ್ಬಿಸಿದ್ದರು. ಮದರಾಸಿನಲ್ಲಿ ಹಿಡಿದು ಕೊಲ್ಲುವ ಕ್ರಮ 1860ರಲ್ಲಿ ಮೊದಲಾಯಿತೆಂದು ಅಲ್ಲಿನ ಬ್ಲೂ ಕ್ರಾಸ್ ಸಂಸ್ಥೆ ಹೇಳುತ್ತದೆ. ಸೋಜಿಗವೆಂದರೆ ಮೇರಿ ಟೀಲ್ಬಿ ಎಂಬಾಕೆ ಲಂಡನ್ನಿನಲ್ಲಿ ದಿಕ್ಕಿಲ್ಲದ ನಾಯಿಗಳಿಗೆ ಮನೆ ತೆರೆದದ್ದೂ ಅದೇ 1860ರಲ್ಲಿ. ಮುಂದೆ ಬ್ಯಾಟರ್‌ಸೀ ಎಂದು ಹೆಸರಾದ ಸಂಸ್ಥೆ ಅದು. ನಮ್ಮಲ್ಲಿ ರುಕ್ಮಿಣಿದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಆದರೆ ನಾಯಿಯ ಆಯುಸ್ಸನ್ನು ನಿಜವಾಗಿ ಬದಲಿಸಿದ್ದು 2001ರ ಸಂತಾನ ನಿಯಂತ್ರಣ ನಿಯಮ. ಕೊಲ್ಲಬೇಡಿ, ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಿ ಎಂದಿತು ಅದು. ಕಿವಿಯ ತುದಿ ಕತ್ತರಿಸಿದ ನಾಯಿಗಳನ್ನು ನೀವೂ ನೋಡಿರುತ್ತೀರಿ, ಆ ಚಿಕಿತ್ಸೆಯ ಗುರುತು ಅದು. ಹೆರಿಗೆಯ ಸವಕಳಿಯಿಲ್ಲ, ಬೆದೆಗಾಲದ ಕಾದಾಟ ಕಡಿಮೆ. ಅಂಥ ನಾಯಿ ಅದೇ ಬೀದಿಯಲ್ಲಿ, ಅದೇ ಬೇಕರಿಯ ಮುಂದೆ ಮುದಿಯಾಗತೊಡಗಿತು. ಇದರ ಜೊತೆಗೆ ಅಪಾರ್ಟ್‌ಮೆಂಟಿನ ಕಾಲ ಬಂತು. ಲ್ಯಾಬ್ರಡಾರ್ ಮರಿಯನ್ನು ಹಬ್ಬದಂತೆ ತಂದವರು ಅದಕ್ಕೆ ಕೀಲುನೋವು ಬರುವ ಹೊತ್ತಿಗೆ ವರ್ಗವಾಗಿಯೋ ವಿದೇಶಕ್ಕೋ ಹೊರಟು ನಿಲ್ಲುತ್ತಾರೆ. ಮರಿ ಹಾಕಿಸಿ ಮಾರುವವರಿಗಂತೂ ಹೆರಲಾರದ ಹೆಣ್ಣುನಾಯಿ ಬರೀ ಖರ್ಚು. ಹೀಗೆ ಮುದಿನಾಯಿ ಎಂಬುದೊಂದು ಹೊಸ ವರ್ಗವೇ ಹುಟ್ಟಿತು.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ನೆಲೆ ಹಾಕಿದವರಲ್ಲಿ ಕ್ರಿಸ್ಟಲ್ ರಾಜರ್ಸ್ ಎಂಬ ಇಂಗ್ಲಿಷ್ ಮಹಿಳೆಯ ಹೆಸರು ಮುಖ್ಯ. ಹುಟ್ಟಿದ್ದು 1906ರಲ್ಲಿ. ನ್ಯೂಜಿಲೆಂಡಿಗೆಂದು ಹೊರಟವರು 1959ರಲ್ಲಿ ದಾರಿಯಲ್ಲಿ ಭಾರತಕ್ಕೆ ಬಂದಾಗ, ಬದುಕಿದ್ದಂತೆಯೇ ಕಾಗೆಗಳು ಕಣ್ಣು ಕುಕ್ಕಿದ್ದ ಕುದುರೆಯೊಂದನ್ನು ಕಂಡು ಇಲ್ಲೇ ಉಳಿದುಬಿಟ್ಟರು. ದೆಹಲಿಯಲ್ಲಿ ಪ್ರಾಣಿಗಳ ಆಶ್ರಯ, 1980ರಲ್ಲಿ ಜೈಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’, ಕೊನೆಗೆ 1991ರಲ್ಲಿ ಬೆಂಗಳೂರಿನಲ್ಲಿ ‘ಕೂಪಾ’. ಅಷ್ಟರಲ್ಲಿ ಆಕೆಗೆ ವಯಸ್ಸು 85! 1996ರಲ್ಲಿ ತೀರಿಕೊಂಡರು. ನಾಯಿಯ ಮುಪ್ಪಿನ ಬಗ್ಗೆ ಮಾತನಾಡುವಾಗ ಈಕೆಯ ಮುಪ್ಪನ್ನೂ ನೆನೆಯುವುದು ತಪ್ಪಾಗದು.

ಸರ್ಕಾರಿ ಕೆಲಸದ ನಾಯಿಗಳ ಕತೆ ಬೇರೆ. ಸೇನೆಯಲ್ಲಿ ದುಡಿದು ಕೈಲಾಗದಾದ ನಾಯಿಗಳಿಗೆ ಮರಣದ ಚುಚ್ಚುಮದ್ದು ಕೊಡುವ ರೂಢಿಯಿತ್ತು. 2015ರಲ್ಲಿ ವಿಷಯ ದೆಹಲಿ ಹೈಕೋರ್ಟಿನವರೆಗೆ ಹೋಯಿತು, ನೀತಿ ಬದಲಾಯಿತು. ಮರುವರ್ಷವೇ ನಮ್ಮ ಮುಧೋಳ ನಾಯಿಮರಿಗಳು ಸೇನೆಯ ತರಬೇತಿಗೆ ಮೀರತ್ ಸೇರಿದವು. ಅವುಗಳ ಅದೃಷ್ಟ ಒಳ್ಳೆಯದಿತ್ತು ಎನ್ನಬೇಕು. 2024ರಲ್ಲಿ ಮೇರು ಎಂಬ 9 ವರ್ಷದ ಸೇನಾ ನಾಯಿ ನಿವೃತ್ತಿಯಾಗಿ ರೈಲಿನ ಮೊದಲ ದರ್ಜೆಯ ಹವಾನಿಯಂತ್ರಿತ ಬೋಗಿಯಲ್ಲಿ ಮೀರತ್‌ಗೆ ಪ್ರಯಾಣ ಬೆಳೆಸಿದ ಚಿತ್ರವನ್ನು ದೇಶವೆಲ್ಲ ನೋಡಿತು. ಆ ಬೋಗಿಯಲ್ಲಿ ನಾನಿನ್ನೂ ಕೂತಿಲ್ಲ!

ಮುದಿನಾಯಿಯನ್ನು ಮನೆಗೆ ತರುವುದರಲ್ಲಿ ಎರಡು ಬಗೆ. ದತ್ತು ಎಂದರೆ ಸಾಯುವವರೆಗೆ ನಿಮ್ಮದು. ‘ಫಾಸ್ಟರ್’ ಎನ್ನುವುದು ತಾತ್ಕಾಲಿಕ ಸಾಕಣೆ. ಜೀವ ಮನೆಯದಾದರೂ ಔಷಧದ ಖರ್ಚನ್ನು ಸಾಮಾನ್ಯವಾಗಿ ಸಂಸ್ಥೆ ಹೊರುತ್ತದೆ, ಶಾಶ್ವತ ಮನೆ ಸಿಕ್ಕಾಗ ಬಿಟ್ಟುಕೊಡಬೇಕು. ಅಮೆರಿಕದ ಸಾನ್ ಫ್ರಾನ್ಸಿಸ್ಕೋದಲ್ಲಿ 2007ರಿಂದ ಇದಕ್ಕೆಂದೇ ‘ಮಟ್‌ವಿಲ್’ ಎಂಬ ಸಂಸ್ಥೆಯಿದೆ. ಎಷ್ಟಕ್ಕೆ ಮುದಿ ಎಂಬುದು ನಾಯಿಯ ಗಾತ್ರದ ಮೇಲೆ ಹೋಗುತ್ತದೆ. ಗ್ರೇಟ್ ಡೇನ್ ಏಳೆಂಟಕ್ಕೇ ಮುದುಕ. ಮನೆಯಲ್ಲಿ ಬೆಳೆದ ಊರನಾಯಿ ಹನ್ನೆರಡರಾಚೆಗೂ ಗಟ್ಟಿಯಾಗಿರಬಲ್ಲದು. ನಾಯಿಯ ವಯಸ್ಸನ್ನು ಏಳರಿಂದ ಗುಣಿಸಬೇಕೆಂಬ ಹಳೆಯ ಲೆಕ್ಕ ಸರಿಯಲ್ಲ. ಲ್ಯಾಬ್ರಡಾರ್‌ಗಳ ವಂಶವಾಹಿ ನೋಡಿ 2020ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಒಂದು ವರ್ಷದ ನಾಯಿಗೇ ಮನುಷ್ಯನ 31ರ ಪ್ರಾಯ. 12ರ ನಾಯಿ 70ರ ಅಜ್ಜ.

ಅಜ್ಜನ ತಾಪತ್ರಯಗಳೇ ಅದಕ್ಕೂ. ಕೀಲು ಹಿಡಿಯುತ್ತದೆ, ಮೂತ್ರಪಿಂಡ ಸೋಲುತ್ತದೆ, ರಾತ್ರಿಯಲ್ಲಿ ಗೋಡೆ ನೋಡುತ್ತ ನಿಲ್ಲುವ ಮರೆವಿನ ರೋಗವೂ ಉಂಟು. ನಯವಾದ ಟೈಲ್ಸ್ ನೆಲದ ಮೇಲೆ ಒಂದು ಗೋಣಿಚೀಲ ಹಾಸಿದರೆ ಅದು ದೊಡ್ಡ ಉಪಕಾರ. ಮನೆಯಲ್ಲಿದ್ದ ಐಬುಪ್ರೊಫೆನ್ ಮಾತ್ರೆಯನ್ನು ಕನಿಕರದಿಂದ ನುಂಗಿಸಿದರೆ ಮಾತ್ರ ಅದು ವಿಷ, ಪಶುವೈದ್ಯರನ್ನೇ ಕೇಳಬೇಕು. ಖರ್ಚಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲಾಭವೆಂದರೆ ಮರಿಯಂತೆ ಚಪ್ಪಲಿ ಕಡಿಯುವುದಿಲ್ಲ, ಸ್ವಭಾವ ಏನೆಂದು ಮೊದಲ ದಿನವೇ ಬಹುಮಟ್ಟಿಗೆ ತಿಳಿಯುತ್ತದೆ. 2022ರ ‘777 ಚಾರ್ಲಿ’ ಚಿತ್ರ ಬಂದ ಮೇಲೆ ಮಾರಾಟದವರ ಕೈಯಿಂದ ತಪ್ಪಿಸಿಕೊಂಡ ಕಾಯಿಲೆಯ ನಾಯಿಯ ಕತೆ ಹಳ್ಳಿಯ ಮಕ್ಕಳಿಗೂ ಗೊತ್ತು. ಆದರೆ ಅದನ್ನು ನೋಡಿ ಅತ್ತವರಲ್ಲಿ ಬಹಳ ಮಂದಿಗೆ ಬೇಕಿದ್ದದ್ದು ಚಾರ್ಲಿಯಂಥ ಮರಿ, ಚಾರ್ಲಿಯಂಥ ರೋಗಿಯಲ್ಲ.

ಇದೆಲ್ಲ ಪೇಟೆಯವರ ಹವ್ಯಾಸ ಎಂದು ತಳ್ಳಿಹಾಕುವ ಕಾಲ ಮುಗಿದಿದೆ. ಸುಪ್ರೀಂ ಕೋರ್ಟು 2025ರ ನವೆಂಬರ್ 7ರಂದು, ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿರುವ ನಾಯಿಗಳನ್ನು ಹಿಡಿದು, ಚಿಕಿತ್ಸೆ-ಲಸಿಕೆ ಕೊಟ್ಟು, ಆಶ್ರಯತಾಣಗಳಿಗೆ ಸೇರಿಸಬೇಕು, ಹಿಡಿದ ಜಾಗಕ್ಕೆ ಮತ್ತೆ ಬಿಡಬಾರದು ಎಂದು ದೇಶಕ್ಕೆಲ್ಲ ಆದೇಶಿಸಿತು. ಮಕ್ಕಳನ್ನು ನಾಯಿ ಕಚ್ಚಿದ, ರೇಬಿಸ್‌ನಿಂದ ಜನ ಸತ್ತ ಪ್ರಕರಣಗಳ ಹಿನ್ನೆಲೆ ಅದಕ್ಕಿದೆ, ಆ ಭಯವನ್ನು ಹಗುರವಾಗಿ ಕಾಣಲಾಗದು. ಆದರೆ ಹಿಡಿಯುವವರ ಬಲೆಗೆ ಮೊದಲು ಬೀಳುವುದು ಕಚ್ಚಿ ಓಡುವ ನಾಯಿಯಲ್ಲ, ಪ್ಲಾಟ್‌ಫಾರಂ ಬೆಂಚಿನ ಕೆಳಗೆ ಹತ್ತು ವರ್ಷದಿಂದ ಮಲಗಿ ಈಗ ಏಳಲಾರದ ನಾಯಿ. ನೂರಾರು ನಾಯಿಗಳ ಆಶ್ರಯತಾಣದಲ್ಲಿ ಅನ್ನದ ತಟ್ಟೆಗೆ ಕಡೆಯದಾಗಿ ಮುಟ್ಟುವುದೂ ಅದೇ.

2023ರಲ್ಲಿ ಹೊಸದಾಗಿ ಹೊರಟ ನಿಯಮಗಳು ಇಂಥ ನಾಯಿಯನ್ನು ‘ಸಮುದಾಯದ ಪ್ರಾಣಿ’ ಎನ್ನುತ್ತವೆ. ಹಾಲ್ಕುರಿಕೆಯ ಕಡೆ ಇದಕ್ಕೆ ಇನ್ನೂ ಸಲೀಸಾದ ಮಾತಿದೆ, ಊರನಾಯಿ. ನಾಲ್ಕು ಮನೆಯ ಮುದ್ದೆ ತಿಂದು ಬೆಳೆದದ್ದನ್ನು ಕೊನೆಗಾಲದಲ್ಲಿ ಆ ನಾಲ್ಕರಲ್ಲಿ ಯಾವ ಮನೆ ಕೊಟ್ಟಿಗೆಯೊಳಕ್ಕೆ ಬಿಟ್ಟುಕೊಳ್ಳಬೇಕು ಎಂಬುದನ್ನು ಮಾತ್ರ ಯಾವ ನಿಯಮವೂ ಬರೆದಿಲ್ಲ. ತಿಪಟೂರಿನ ರೈಲು ನಿಲ್ದಾಣ, ಬಸ್ ನಿಲ್ದಾಣಗಳೂ ಈ ಆದೇಶದ ವ್ಯಾಪ್ತಿಯಲ್ಲೇ ಬರುತ್ತವೆ.