ವೀಗನ್ ಮದ್ಯ ತಯಾರಿಕೆ

ಪ್ರಾಣಿಜನ್ಯ ವಸ್ತುವನ್ನು ಘಟಕವಾಗಿಯಾಗಲಿ ಸಂಸ್ಕರಣೆಯ ನೆರವಿಗಾಗಲಿ ಬಳಸದೆ ಬಿಯರ್, ವೈನ್ ಮೊದಲಾದ ಹುದುಗುಪಾನೀಯಗಳನ್ನು ತಯಾರಿಸುವ ವಿಧಾನ. ಮಾಲ್ಟ್, ಹಾಪ್ಸ್, ದ್ರಾಕ್ಷಿ, ಯೀಸ್ಟ್‌ಗಳಲ್ಲಿ ಪ್ರಾಣಿಯ ಅಂಶವಿಲ್ಲ. ಜೇನು ಅಥವಾ ಹಾಲಿನ ಸಕ್ಕರೆ ಬೆರೆಸಿದವನ್ನು ಬಿಟ್ಟರೆ ತೊಡಕು ಹುಟ್ಟುವುದು ಪಾನೀಯವನ್ನು ತಿಳಿಗೊಳಿಸುವ ಹಂತದಲ್ಲಿ. ಬಿಯರ್‌ಗೆ ಮೀನಿನ ಗಾಳಿಚೀಲದಿಂದ ಪಡೆದ ಐಸಿಂಗ್ಲಾಸ್, ವೈನ್‌ಗೆ ಮೊಟ್ಟೆಯ ಬಿಳಿಭಾಗ, ಹಾಲಿನ ಕೇಸೀನ್, ಜೆಲಟಿನ್ ಬಳಕೆಯಲ್ಲಿವೆ. ಐಸಿಂಗ್ಲಾಸ್‌ನ ಕೊಲಾಜನ್ ಧನ ವಿದ್ಯುದಂಶ ಹೊಂದಿದ್ದು, ಋಣ ವಿದ್ಯುದಂಶವುಳ್ಳ ಯೀಸ್ಟ್ ಕಣಗಳನ್ನು ಸೆಳೆದು ತಳಕ್ಕೆ ಇಳಿಸುತ್ತದೆ. ಇದರ ಬಹುಪಾಲು ಗಷ್ಟಿನೊಡನೆ ಹೊರಹೋಗುವುದರಿಂದ ಪಾನೀಯ ಸಸ್ಯಾಹಾರವೇ ಎಂಬ ಚರ್ಚೆ ಉಳಿದಿದೆ. ವೀಗನ್ ನಿಲುವಿನಲ್ಲಿ ಶೇಷದ ಪ್ರಮಾಣಕ್ಕಿಂತ ಪ್ರಾಣಿಬಳಕೆಯೇ ಮುಖ್ಯ.

ಬೆಂಟೊನೈಟ್ ಜೇಡಿ, ಬಟಾಣಿ ಪ್ರೋಟೀನ್, ಸೋಸುವಿಕೆ, ಸೆಂಟ್ರಿಫ್ಯೂಜ್, ತಂಪಿನಲ್ಲಿ ದೀರ್ಘಕಾಲ ಇರಿಸುವಿಕೆ ಪರ್ಯಾಯಗಳು. ಗಿನ್ನೆಸ್ ಕಂಪನಿ ಐಸಿಂಗ್ಲಾಸ್ ಕೈಬಿಡುವುದಾಗಿ 2015ರಲ್ಲಿ ಪ್ರಕಟಿಸಿತು.

ಕರ್ನಾಟಕದ ಬಾಗಲಕೋಟೆ ಜಿಲ್ಲೆ ಕೃಷ್ಣಾ ಕಣಿವೆಯ ದ್ರಾಕ್ಷಿ ಸೀಮೆಗೆ ಸೇರಿದೆ. ರಾಜ್ಯದ ದ್ರಾಕ್ಷಾರಸ (ವೈನ್) ನೀತಿ 2007ರದು. ಆದರೆ ಇದೇ ಜಿಲ್ಲೆಯ ಬಾದಾಮಿ, ಐಹೊಳೆಗಳಲ್ಲಿ ಬಸದಿಗಳನ್ನು ಉಳಿಸಿಹೋದ ಜೈನ ಪರಂಪರೆ ಶ್ರಾವಕರಿಗೆ (ಗೃಹಸ್ಥ ಅನುಯಾಯಿಗಳಿಗೆ) ಮದ್ಯ, ಮಾಂಸ, ಮಧು ಮೂರನ್ನೂ ನಿಷೇಧಿಸುತ್ತದೆ. ಆ ಪರಂಪರೆಯಲ್ಲಿ ತಿಳಿಗೊಳಿಸುವಿಕೆಯ ಪ್ರಶ್ನೆಯೇ ಏಳದು.

ಭಾರತದ 2022ರ ವೀಗನ್ ಆಹಾರ ನಿಯಮಾವಳಿ ಸಂಸ್ಕರಣಾ ನೆರವುಗಳನ್ನೂ ಪರಿಗಣಿಸುತ್ತದೆ. ಆದರೆ ಸಸ್ಯಾಹಾರ ಸೂಚಿಸುವ ಹಸಿರು ಗುರುತಿನ ಕಡ್ಡಾಯದಿಂದ 2020ರ ಲೇಬಲ್ ನಿಯಮಗಳು ಮದ್ಯಕ್ಕೆ ವಿನಾಯಿತಿ ನೀಡಿರುವುದರಿಂದ, ಸೀಸೆ ನೋಡಿ ತಿಳಿಯುವುದು ಕಷ್ಟ.