ತೆರೆಯದ ದಫ್ತರ

ನಿಪ್ಪಾಣಿ ತಾಲ್ಲೂಕಿನ ಅಕ್ಕೋಳದ ಸುತ್ತಿನ ಸೀಮೆಯಲ್ಲಿ ಕನ್ನಡ, ಮರಾಠಿ ಎರಡೂ ಮನೆಮಾತು. ಇಲ್ಲಿನ ಹಳೆಯ ಮನೆತನಗಳ ಟ್ರಂಕು ತೆಗೆದರೆ ಬಟ್ಟೆಯಲ್ಲಿ ಸುತ್ತಿದ ದಫ್ತರವೊಂದು ಸಿಗುವುದುಂಟು. ಕಾಗದ ಗಟ್ಟಿಯಾಗಿರುತ್ತದೆ, ಶಾಯಿಯೂ ಮಾಸಿರುವುದಿಲ್ಲ. ಆದರೆ ಮನೆಯವರಲ್ಲಿ ಯಾರಿಗೂ ಒಂದು ಸಾಲು ಓದಲು ಬಾರದು. ಅದು ಮೋಡಿ ಲಿಪಿ. ಪೇಶ್ವೆಗಳ ಕಾಲದ ಲೆಕ್ಕಪತ್ರವೆಲ್ಲ ನಡೆದದ್ದು ಇದರಲ್ಲೇ. ಲೇಖನಿ ಎತ್ತದೆ ಬೇಗ ಬರೆಯಲೆಂದು ಬೆಳೆದ ಬರಹ; ಪದಗಳ ನಡುವೆ ಬಿಡುವಿಲ್ಲ, ಹ್ರಸ್ವ ದೀರ್ಘಗಳ ಭೇದವೂ ಸರಿಯಾಗಿಲ್ಲ. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಶಾಲೆಗಳಿಂದ ಅದು ಮರೆಯಾಯಿತು. ಹೊಲದ ಹಕ್ಕು ಕಾಗದದಲ್ಲೇ ಇದ್ದರೂ ವಾರಸುದಾರನ ಪಾಲಿಗೆ ಇಲ್ಲದಂತಾಯಿತು.

ಇಂದಿನ ದಫ್ತರ ಅಂಗೈಯಗಲದ ಪೆಟ್ಟಿಗೆ. ಮದುವೆಯ ಚಿತ್ರಗಳು, ಅಜ್ಜನ ಧ್ವನಿ, ಸ್ಕ್ಯಾನ್ ಮಾಡಿಟ್ಟ ಉತಾರ ಎಲ್ಲವೂ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ. ಒಂದು ದಿನ ಅದನ್ನು ಸಿಕ್ಕಿಸಿದರೆ ದೀಪ ಮಿನುಗುತ್ತದೆ, ಕಡತ ಮಾತ್ರ ತೆರೆಯುವುದಿಲ್ಲ. ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಿ ಎಂದು ಪರದೆಯ ಮೇಲೆ ಸೂಚನೆ ಬರುತ್ತದೆ. ಗಾಬರಿಯಲ್ಲಿ ‘ಹೌದು’ ಒತ್ತಿ ಎಲ್ಲ ಕಳೆದುಕೊಂಡವರು ಕಡಿಮೆಯಿಲ್ಲ.

ಈ ಯಂತ್ರದ ಮೂಲಪುರುಷ ಹುಟ್ಟಿದ್ದು 1956ರಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಐಬಿಎಂ ಕಂಪನಿ ರಾಮ್ಯಾಕ್ ಎಂಬ ಗಣಕವನ್ನು ಹೊರತಂದಿತು. ಅದರ ಜೊತೆಗಿದ್ದ ಬೀರುವಿನಂಥ ಪೆಟ್ಟಿಗೆಯಲ್ಲಿ ಎರಡಡಿ ಅಗಲದ 50 ತಟ್ಟೆಗಳು ತಿರುಗುತ್ತಿದ್ದವು. ತೂಕ ಒಂದು ಟನ್ನಿಗೂ ಮೇಲೆ, ಹಿಡಿಸುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರ. ಅದೇ ನವೆಂಬರ್ 1ರಂದು ಚಿಕ್ಕೋಡಿ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತೆಂಬುದು ಕಾಕತಾಳೀಯ. ದಫ್ತರಗಳು ರಾಜ್ಯ ಬದಲಿಸಿದ ವರ್ಷವೇ ದಫ್ತರದ ಹೊಸ ರೂಪವೂ ಬಂತು!

ತಟ್ಟೆಯ ಮೇಲಿನ ಬರಹವೇ ಬೇರೆ, ಯಾವುದು ಎಲ್ಲಿದೆ ಎಂದು ಹೇಳುವ ಅನುಕ್ರಮಣಿಕೆಯೇ ಬೇರೆ. ಈ ಅನುಕ್ರಮಣಿಕೆ ಬರೆಯುವ ಪದ್ಧತಿಗಳು ಹಲವು. ವಿಂಡೋಸ್‌ನ ಎನ್‌ಟಿಎಫ್‌ಎಸ್ 1993ರದು. ಆಪಲ್ ಗಣಕಗಳದು ಇನ್ನೊಂದು. ಆಪಲ್‌ನಲ್ಲಿ ಸಿದ್ಧಪಡಿಸಿದ ಡಿಸ್ಕನ್ನು ವಿಂಡೋಸ್‌ಗೆ ಸಿಕ್ಕಿಸಿದರೆ ಮೋಡಿ ಕಾಗದ ಹಿಡಿದು ನಿಂತ ಮೊಮ್ಮಗನ ಸ್ಥಿತಿ ಅದರದು. ಡಿಸ್ಕಿನಲ್ಲಿ ದೋಷವೇ ಇರುವುದಿಲ್ಲ. ಅದನ್ನು ಓದಬಲ್ಲ ಗಣಕಕ್ಕೆ ಒಯ್ದರೆ ಸಾಕು.

ಆದ್ದರಿಂದ ಹೊರಗಿನಿಂದ ಒಳಗೆ ಹೋಗುವುದು ಕ್ರಮ. ಮೊದಲು ಕೇಬಲ್ ಬದಲಿಸಿ, ಇನ್ನೊಂದು ಪೋರ್ಟಿಗೆ ಸಿಕ್ಕಿಸಿ ನೋಡಬೇಕು. ಹಳೆಯ ಯುಎಸ್‌ಬಿ ಕಿಂಡಿ ಕೊಡುವುದು 500 ಮಿಲಿಆಂಪಿಯರ್ ಮಾತ್ರ, ಹೊಸತು 900. ಅರೆಹೊಟ್ಟೆಯಲ್ಲಿ ತಟ್ಟೆ ತಿರುಗದೆ ಇರಬಹುದು. ನಂತರ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಬೇಕು. ಅಲ್ಲಿ ಡಿಸ್ಕ್ ಕಂಡು, ಅದಕ್ಕೆ ಅಕ್ಷರದ ಗುರುತು ಇಲ್ಲದಿದ್ದರೆ ಒಂದು ಅಕ್ಷರ ಕೊಟ್ಟರೆ ಕೆಲಸ ಮುಗಿಯಿತು. ‘ರಾ’ ಎಂದು ತೋರಿದರೆ, ಗಣಕಕ್ಕೆ ತಿಳಿಯದ ಪದ್ಧತಿಯಿರಬೇಕು, ಇಲ್ಲವೇ ಅನುಕ್ರಮಣಿಕೆ ಹರಿದಿರಬೇಕು. ಹರಿದಿದ್ದರೆ ದುರಸ್ತಿಗೆ ಕೈಹಾಕುವ ಮೊದಲು ಒಳಗಿನದನ್ನು ಬೇರೊಂದು ಡಿಸ್ಕಿಗೆ ಎತ್ತಿಕೊಳ್ಳಬೇಕು. ದುರಸ್ತಿಯ ತಂತ್ರಾಂಶಗಳೂ ಅದೇ ತಟ್ಟೆಯ ಮೇಲೆ ಬರೆಯುತ್ತವೆ ಎಂಬುದನ್ನು ಅಂಗಡಿಯ ಹುಡುಗರೇ ಎಷ್ಟೋ ಸಲ ಮರೆಯುತ್ತಾರೆ.

ಫಾರ್ಮ್ಯಾಟ್ ಎಂದರೆ ಅನುಕ್ರಮಣಿಕೆ ಹರಿದಿದೆಯೆಂದು ಅದನ್ನು ಕಿತ್ತೆಸೆದು ಖಾಲಿ ಪುಟ ಹೊಲಿದಂತೆ. ‘ಕ್ವಿಕ್’ ಆದರೆ ಹಳೆಯ ಕಾಗದಗಳು ಇನ್ನೂ ಒಳಗಿರುತ್ತವೆ. ಅವುಗಳ ಮೇಲೆ ಹೊಸದೇನೂ ಬರೆಯದಿದ್ದರೆ ತಜ್ಞರು ಮರಳಿ ತೆಗೆಯಬಹುದು. ಪೂರ್ಣ ಫಾರ್ಮ್ಯಾಟ್ ಆದರೆ, ವಿಂಡೋಸ್ ವಿಸ್ಟಾದಿಂದೀಚೆಗೆ, ಇಡೀ ತಟ್ಟೆಗೆ ಸೊನ್ನೆ ಬಳಿಯುತ್ತದೆ. ಆಮೇಲೆ ಹುಡುಕಲು ಏನೂ ಉಳಿದಿರುವುದಿಲ್ಲ.

ಟಕ್ ಟಕ್ ಎಂಬ ಸದ್ದು ಬಂದರೆ ಮಾತೇ ಬೇರೆ. ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುವ ಓದುಮುಳ್ಳು ಕೆಟ್ಟಿರಬಹುದು. ಮತ್ತೆ ಮತ್ತೆ ಚಾಲೂ ಮಾಡಿದರೆ ಅದು ತಟ್ಟೆಯನ್ನೇ ಕೆರೆದೀತು. ಕೂಡಲೇ ಕೇಬಲ್ ಕಿತ್ತು, ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಬಲ್ಲವರಿಗೇ ಒಪ್ಪಿಸಬೇಕು. ಪೆಟ್ಟಿಗೆ ಒಡೆದು ಡಿಸ್ಕನ್ನು ಬೇರೆ ಕವಚಕ್ಕೆ ಹಾಕುವ ನಾಟಿ ಉಪಾಯವೂ ಎಲ್ಲ ಕಡೆ ನಡೆಯದು. ಕೆಲವು ಕವಚಗಳ ಒಳಗಿನ ಫಲಕವೇ ಬರಹವನ್ನು ಗೂಢಲಿಪಿಗೆ ತಿರುಗಿಸಿ ಇಡುತ್ತದೆ. ಕವಚ ಹೋದರೆ ಕೀಲಿಯೂ ಹೋಯಿತು.

ಇಷ್ಟೆಲ್ಲ ದಾಟಿ ಕಡತ ತೆರೆದ ಮೇಲೂ ಕನ್ನಡಿಗನಿಗೆ ಇನ್ನೊಂದು ಬಾಗಿಲು ಉಳಿದಿರುತ್ತದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದ ಕಡತ, ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ನಾವು ಅಲ್ಲಿಗೆ ಹೋಗಲು ತಡಮಾಡಿದೆವು. ಮೋಡಿಗೆ ಜಾಗ ಸಿಕ್ಕಿದ್ದು 2014ರಲ್ಲಿ. ಈಗ ಅದನ್ನು ಗಣಕದಲ್ಲಿ ಅಕ್ಷರ ಅಕ್ಷರವಾಗಿ ಟೈಪ್ ಮಾಡಬಹುದು. ಅಕ್ಕೋಳದ ಕಡೆಯ ಟ್ರಂಕಿನಿಂದ ತೆಗೆದ ಹಾಳೆಯನ್ನು ಓದಿ ಹೇಳಲು ಮಾತ್ರ ಇಂದಿಗೂ ಮೋಡಿ ಬಲ್ಲವರೊಬ್ಬರನ್ನು ಹುಡುಕಿಕೊಂಡು ಹೋಗಬೇಕು.