ವೈಟ್‌ಫೀಲ್ಡ್ ಎಂಬ ಊರು, ವಿಟ್‌ಫೀಲ್ಡ್ ಎಂಬ ಮುಲಾಮು

ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡಿಗೂ ಹುಳುಕಡ್ಡಿಗೆ ಹಚ್ಚುವ ವಿಟ್‌ಫೀಲ್ಡ್ ಮುಲಾಮಿಗೂ ಯಾವ ಸಂಬಂಧವೂ ಇಲ್ಲ. ಊರಿನ ಹೆಸರು ಬಂದದ್ದು ಡಿ. ಎಸ್. ವೈಟ್ ಎಂಬ ಆಂಗ್ಲೋ ಇಂಡಿಯನ್ ಮುಖಂಡನಿಂದ. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಆ ಸಮುದಾಯದ ಸಂಘಕ್ಕೆ 3900 ಎಕರೆ ಕೊಟ್ಟರು, ಅಲ್ಲಿ ಬೇಸಾಯದ ವಸಾಹತೊಂದು ಹುಟ್ಟಿತು. ಮುಲಾಮಿನ ಹೆಸರು ಲಂಡನ್ನಿನ ಚರ್ಮವೈದ್ಯ ಆರ್ಥರ್ ವಿಟ್‌ಫೀಲ್ಡನದು. ಅದು ಬಳಕೆಗೆ ಬಂದದ್ದು 1907ರ ಹೊತ್ತಿಗೆ. ಆದರೂ ಈ ಎರಡು ಹೆಸರು ನನ್ನ ತಲೆಯಲ್ಲಿ ಜೊತೆಯಾಗಿಯೇ ಸುತ್ತುತ್ತವೆ. ಐಟಿಪಿಎಲ್ ಆಸುಪಾಸಿನ ಪಿ.ಜಿ.ಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ದೊಡ್ಡತೋಗೂರು ಗಲ್ಲಿಗಳಲ್ಲಿ, ಪೀಣ್ಯದ ಶೆಡ್ಡುಗಳಲ್ಲಿ ಜನ ಯಾರಿಗೂ ಹೇಳದೆ ತುರಿಸಿಕೊಳ್ಳುವ ಕಾಯಿಲೆ ಒಂದೇ ಎಂಬುದು ಕಾರಣ.

ಹುಳುಕಡ್ಡಿ ಎಂಬ ಹೆಸರಿನೊಳಗೇ ಒಂದು ತಪ್ಪು ರೋಗನಿರ್ಣಯ ಕೂತಿದೆ. ಅಲ್ಲಿ ಹುಳುವಿಲ್ಲ, ಇರುವುದು ಶಿಲೀಂಧ್ರ, ಹಳಸಿದ ಬ್ರೆಡ್ಡಿನ ಮೇಲೆ ಕಾಣುವ ಬೂಷ್ಟಿನ ದೂರದ ನೆಂಟ. ಈ ತಪ್ಪು ನಮ್ಮದೊಂದೇ ಅಲ್ಲ. ಇಂಗ್ಲಿಷಿನವರೂ ಅದನ್ನು ರಿಂಗ್‌ವರ್ಮ್ ಎಂದು ಹುಳು ಮಾಡಿದರು. ಲ್ಯಾಟಿನ್ನಿನ ಟೀನಿಯ ಎಂದರೆ ಬಟ್ಟೆ ತಿನ್ನುವ ನುಸಿಹುಳು. ನಡುವೆ ಮಾಸಿ ಅಂಚಿನಲ್ಲಿ ಹೊಸದಾಗಿ ಕೆಂಪಾಗುತ್ತ ಹಿಗ್ಗುವ ಆ ಬಳೆಯನ್ನು ನೋಡಿದವರಿಗೆ ಚರ್ಮದಡಿ ಏನೋ ಸುತ್ತು ಹಾಕುತ್ತಿದೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಸಂಸ್ಕೃತದವರು ಹುಳುವಿನ ಗೊಡವೆಗೆ ಹೋಗದೆ ದದ್ರು ಎಂದರು. ಚರ್ಮರೋಗಕ್ಕೆ ಇಂಗ್ಲಿಷಿನಲ್ಲಿದ್ದ ಹಳೆಯ ಪದ ಟೆಟರ್ ಇದೇ ದದ್ರುವಿನ ದಾಯಾದಿ ಎಂದು ಭಾಷಾಶಾಸ್ತ್ರ ಹೇಳುತ್ತದೆ. ಚರಕ ಸಂಹಿತೆ ದದ್ರುವನ್ನು ಸಣ್ಣ ಕುಷ್ಠಗಳ ಸಾಲಿಗೆ ಸೇರಿಸಿದರೆ ಸುಶ್ರುತ ಸಂಹಿತೆ ದೊಡ್ಡವುಗಳ ಸಾಲಿಗೆ ಸೇರಿಸಿತು. ಇಂದಿನ ಸ್ಥಿತಿ ನೋಡಿದರೆ ನನ್ನ ಮತ ಸುಶ್ರುತನಿಗೆ.

ಹುಳು ಅಲ್ಲ, ಶಿಲೀಂಧ್ರ ಎಂದು ತಿಳಿದದ್ದು 1840ರ ದಶಕದಲ್ಲಿ. ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಡೇವಿಡ್ ಗ್ರೂಬಿ ರೋಗಿಗಳ ಕೂದಲು, ಹೊಟ್ಟುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಎಳೆಎಳೆಯಾದ ಜೀವಿಯನ್ನು ಕಂಡ. ಔಷಧಿ ಮಾತ್ರ ಅದಕ್ಕೂ ಮೊದಲೇ ಇತ್ತು. ನಮ್ಮ ಕಡೆ ಸೀಮೆ ಅಗಸೆಯ ಎಲೆಯನ್ನು ಅರೆದು ಹಚ್ಚುತ್ತಿದ್ದರು, ನಾಗಮಲ್ಲಿಗೆಯ ಬೇರನ್ನೂ ಬಳಸುತ್ತಿದ್ದರು. 19ನೇ ಶತಮಾನದಲ್ಲಿ ಗೋವಾ ಪುಡಿ ಎಂಬ ಹಳದಿ ಪುಡಿ ಮುಂಬಯಿಯ ಮಾರುಕಟ್ಟೆಯಲ್ಲಿ ಹೆಸರು ಮಾಡಿತು. ಅದು ಗೋವೆಯದಲ್ಲ, ಬ್ರೆಜಿಲ್ಲಿನ ಮರವೊಂದರದು ಎಂಬ ಗುಟ್ಟು 1870ರ ದಶಕದಲ್ಲಿ ಹೊರಬಿತ್ತು. ಪೋರ್ಚುಗೀಸರ ಹಡಗಿನಲ್ಲಿ ಬಂದ ಸರಕಿಗೆ ಇಳಿದ ಬಂದರಿನ ಹೆಸರು ಅಂಟಿತ್ತು. ಸೀಮೆ ಅಗಸೆಯ ಎಲೆಯಲ್ಲೂ ಬ್ರೆಜಿಲ್ಲಿನ ಪುಡಿಯಲ್ಲೂ ಇದ್ದದ್ದು ಹತ್ತಿರದ ಸಂಬಂಧದ ರಾಸಾಯನಿಕಗಳು. ಪುಡಿ ಕೆಲಸ ಮಾಡುತ್ತಿತ್ತು, ಜೊತೆಗೆ ಬಟ್ಟೆಗೆ ಕಲೆ ಮಾಡುತ್ತಿತ್ತು, ಕಣ್ಣಿಗೆ ತಗುಲಿದರೆ ಉರಿಯುತ್ತಿತ್ತು.

ತೊಡೆಸಂದಿಯ ಹುಳುಕಡ್ಡಿಗೆ ಭಾರತದಲ್ಲಿದ್ದ ಇಂಗ್ಲಿಷರು ಇಟ್ಟ ಹೆಸರು ಧೋಬಿ ತುರಿ. ಅಗಸ ಊರಿನವರ ಬಟ್ಟೆಯೊಡನೆ ತಮ್ಮ ಬಟ್ಟೆಯನ್ನೂ ಬೆರೆಸಿ ಒಗೆದದ್ದರಿಂದಲೇ ರೋಗ ಬಂತು ಎಂದು ಅವರ ಲೆಕ್ಕ. ಬೆವರು, ಉಣ್ಣೆಯ ಸಮವಸ್ತ್ರ, ಬೂಟು ಇವು ಅವರ ಲೆಕ್ಕಕ್ಕೆ ಅಷ್ಟಾಗಿ ಬರಲಿಲ್ಲ. ಕೊಲಂಬೊದಲ್ಲಿದ್ದ ಇಟಲಿಯ ವೈದ್ಯ ಆಲ್ಡೊ ಕಾಸ್ಟೆಲ್ಲಾನಿ ಈ ತುರಿಯನ್ನು ಗಂಭೀರವಾಗಿ ಅಭ್ಯಾಸ ಮಾಡಿ, 1910ರಲ್ಲಿ ಅದರ ಒಂದು ಶಿಲೀಂಧ್ರಕ್ಕೆ ರೂಬ್ರಮ್, ಅಂದರೆ ಕೆಂಪು, ಎಂಬ ಹೆಸರು ಕೊಟ್ಟ. ಮುಂದೆ ದಶಕಗಳ ಕಾಲ ಭಾರತದ ಹುಳುಕಡ್ಡಿಯಲ್ಲಿ ಮುಖ್ಯವಾಗಿ ಕಾಣಿಸಿಕೊಂಡದ್ದು ಈ ರೂಬ್ರಮ್. ಅಗಸನನ್ನು ದೂರಿದ ಆ ಧ್ವನಿ ಈಗ ಪಿ.ಜಿ.ಯ ವಾಷಿಂಗ್ ಮೆಷಿನ್ ಮೇಲೆ, ಪಕ್ಕದ ಮಂಚದ ಬಿಹಾರದ ಹುಡುಗನ ಮೇಲೆ ಹೋಗುವುದನ್ನು ನಾನು ಕೇಳಿದ್ದೇನೆ.

ವಿಟ್‌ಫೀಲ್ಡನ ಮುಲಾಮು ಸರಳವಾದದ್ದು: 100 ಪಾಲಿನಲ್ಲಿ 6 ಪಾಲು ಬೆಂಜಾಯಿಕ್ ಆಮ್ಲ, 3 ಪಾಲು ಸ್ಯಾಲಿಸಿಲಿಕ್ ಆಮ್ಲ. ಮೊದಲನೆಯದು ಶಿಲೀಂಧ್ರದ ಬೆಳವಣಿಗೆ ತಡೆಯುತ್ತದೆ. ಎರಡನೆಯದು ಅದು ಮನೆ ಮಾಡಿಕೊಂಡ ಸತ್ತ ಚರ್ಮದ ಪದರವನ್ನೇ ಸುಲಿದು ಉದುರಿಸುತ್ತದೆ. ನಂತರ ನುಂಗುವ ಮದ್ದು ಬಂತು. ಗ್ರಿಸಿಯೋಫಲ್ವಿನ್ 1939ರಲ್ಲೇ ಪತ್ತೆಯಾಗಿದ್ದರೂ ಹುಳುಕಡ್ಡಿಗೆ ಅದನ್ನು ನುಂಗಿಸಬಹುದೆಂದು 1958ರಲ್ಲಿ ಗಿನಿ ಇಲಿಗಳ ಮೇಲೆ ಗೊತ್ತಾಯಿತು. ಬಳಿಕ ಕ್ಲೊಟ್ರಿಮಜೋಲ್, ಆಮೇಲೆ ಟರ್ಬಿನಫಿನ್. 1990ರ ದಶಕದ ಹೊತ್ತಿಗೆ ಇದು ಮುಗಿದ ಅಧ್ಯಾಯ ಎಂದು ನಂಬಲು ಕಾರಣವಿತ್ತು.

ಅದೇ ಅವಧಿಯಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. 1952ರಲ್ಲಿ ಹೈಡ್ರೊಕಾರ್ಟಿಸೋನ್ ಚರ್ಮಕ್ಕೆ ಹಚ್ಚುವ ಔಷಧಿಯಾಯಿತು, ಬೇಗನೆ ಅದಕ್ಕಿಂತ ಎಷ್ಟೋ ಪಟ್ಟು ಬಲದ ಸ್ಟೆರಾಯ್ಡ್‌ಗಳು ಬಂದವು. ಎಕ್ಸಿಮಾ ಇದ್ದವರಿಗೆ ಅದು ವರ. ಹುಳುಕಡ್ಡಿಯ ಮೇಲೆ ಅದು ಮಾಡುವುದೇ ಬೇರೆ. ಕೆಂಪು, ತುರಿಕೆ ನಮ್ಮ ದೇಹದ ಪ್ರತಿರೋಧದ ಗುರುತು. ಸ್ಟೆರಾಯ್ಡ್ ಆ ಪ್ರತಿರೋಧವನ್ನು ಮಲಗಿಸುತ್ತದೆ. ಎರಡು ದಿನದಲ್ಲಿ ತುರಿಕೆ ಮಾಯ, ಶಿಲೀಂಧ್ರಕ್ಕೆ ಹಬ್ಬ. ಬಳೆಯ ಗುರುತೂ ಅಳಿಸಿಹೋಗಿ ವೈದ್ಯರೇ ಗುರುತು ಹಿಡಿಯಲಾಗದ ಈ ರೂಪಕ್ಕೆ 1968ರಲ್ಲಿ ಇಬ್ಬರು ಬ್ರಿಟಿಷ್ ವೈದ್ಯರು 'ವೇಷ ಮರೆಸಿದ ಟೀನಿಯ' ಎಂಬ ಅರ್ಥದ ಹೆಸರಿಟ್ಟರು. ಐವತ್ತು ವರ್ಷ ಮೊದಲೇ ಎಚ್ಚರಿಕೆ ಸಿಕ್ಕಿತ್ತು ಎಂದಾಯಿತು.

ನಾವು ಮಾಡಿದ್ದೇನು? ಸ್ಟೆರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರನ್ನೂ ಒಂದೇ ಟ್ಯೂಬಿಗೆ ತುಂಬಿ ಅಂಗಡಿಯ ಮುಂದಿನ ಸಾಲಿನಲ್ಲಿಟ್ಟೆವು. ಪೀಣ್ಯದಲ್ಲಿ ಬಾಡಿಗೆಗಿದ್ದಾಗ ನಾನು ನೋಡುತ್ತಿದ್ದೆ: ಎರಡನೇ ಪಾಳಿ ಬಿಟ್ಟ ಹುಡುಗರು ಮೆಡಿಕಲ್ ಶಾಪಿನ ಮುಂದೆ ನಿಂತು, ಹೆಂಗಸರು ಹೋಗುವವರೆಗೆ ಕಾದು, "ಅಣ್ಣಾ, ತುರಿಕೆಗೆ ಒಂದು ಕೊಡಿ" ಎನ್ನುವರು. ಮಾತು ಅಷ್ಟೇ. ವೈದ್ಯರ ಹತ್ತಿರ ಹೋಗಲು ಅರ್ಧ ದಿನದ ಸಂಬಳ ಕಡಿತ, ಮೇಲೆ ಪ್ಯಾಂಟು ಬಿಚ್ಚಿ ತೋರಿಸುವ ನಾಚಿಕೆ. ಇಎಸ್‌ಐ ಕಾರ್ಡು ಇದ್ದವನಿಗೂ ಟ್ಯೂಬೇ ಅಗ್ಗ. 2018ರಲ್ಲಿ ಕೇಂದ್ರ ಸರ್ಕಾರ ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಅಧಿಸೂಚನೆ ಹೊರಡಿಸಿತು. ಕಾನೂನು ಒಳ್ಳೆಯದೇ, ಚೀಟಿ ಕೇಳಿದ ಅಂಗಡಿಯನ್ನು ಮಾತ್ರ ನಾನಿನ್ನೂ ಹುಡುಕುತ್ತಿದ್ದೇನೆ.

ಈ ಅವಧಿಯಲ್ಲೇ ಭಾರತದಲ್ಲಿ ರೂಬ್ರಮ್ ಹಿಂದೆ ಸರಿದು ಇನ್ನೊಂದು ಶಿಲೀಂಧ್ರ ಮುಂದೆ ಬಂತು. ಟರ್ಬಿನಫಿನ್ ಯಾವ ಕಿಣ್ವವನ್ನು ತಡೆಯುತ್ತದೋ ಆ ಕಿಣ್ವವನ್ನೇ ಅದು ಬದಲಿಸಿಕೊಂಡಿತ್ತು. 2020ರಲ್ಲಿ ಜಪಾನಿನ ಸಂಶೋಧಕರು ಭಾರತ, ನೇಪಾಳ ಮೂಲದ ರೋಗಿಗಳಿಂದ ಸಿಕ್ಕಿದ ಅದಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. 2023ರಲ್ಲಿ ನ್ಯೂಯಾರ್ಕಿನಲ್ಲೂ ಅದು ವರದಿಯಾಯಿತು. ಗೋವಾ ಪುಡಿಯಂತೆ ಇದಕ್ಕೂ ದೇಶದ ಹೆಸರು ಅಂಟಿದೆ, ಈ ಸಲ ವಿಳಾಸ ಬಹುಶಃ ಸರಿಯಾಗಿಯೇ ಇದೆ. ಅದು ಹುಟ್ಟಿದ್ದಕ್ಕೆ ಮುಲಾಮು ಒಂದೇ ಕಾರಣ ಎನ್ನಲಾಗದು. ಅರೆಬರೆ ಚಿಕಿತ್ಸೆ, ದಟ್ಟಣೆ, ಬಿಗಿ ಜೀನ್ಸು, ಸೆಕೆ ಎಲ್ಲದರ ಪಾಲೂ ಇದೆ. 2024ರ ಬೇಸಿಗೆಯಲ್ಲಿ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳೇ ಟ್ಯಾಂಕರಿಗೆ ಕೈಚಾಚಿ ಕೂತಿದ್ದಾಗ, ಆರು ಮಂದಿಯ ಕೋಣೆಯವರು ದಿನಾ ಬಟ್ಟೆ ಒಗೆಯಬೇಕು ಎಂದು ಉಪದೇಶಿಸುವುದು ಸುಲಭ.

ಹಾಗಾಗಿ ಗುರುತಿಸುವ ವಿಚಾರ. ಅಂಚು ಉಬ್ಬಿ ಹೊಟ್ಟೇಳುತ್ತ, ನಡು ತಿಳಿಯಾಗಿ ಹಿಗ್ಗುವ ಬಳೆ ಹುಳುಕಡ್ಡಿ. ಅನುಮಾನವಿದ್ದರೆ ವೈದ್ಯರು ಅಂಚನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗ್ರೂಬಿ ನೋಡಿದ ಅದೇ ಎಳೆಗಳು. ರಾತ್ರಿ ಹೆಚ್ಚುವ ತುರಿಕೆ, ಬೆರಳ ಸಂದಿನಲ್ಲಿ ಗುಳ್ಳೆ, ಕೋಣೆಯಲ್ಲಿ ಒಬ್ಬರಾದ ಮೇಲೊಬ್ಬರಿಗೆ ಬಂದರೆ ಅದು ಕಜ್ಜಿ, ಅಲ್ಲಿ ನಿಜಕ್ಕೂ ಒಂದು ಸಣ್ಣ ನುಸಿ ಇದೆ, ಅದರ ಔಷಧಿ ಬೇರೆ. ಮಕ್ಕಳ ಮುಖದಲ್ಲಿ ಜೇನಿನ ಬಣ್ಣದ ಹಕ್ಕಳೆ ಬ್ಯಾಕ್ಟೀರಿಯದ್ದು. ಕಾಲು ಕೆಂಪಾಗಿ ಬಿಸಿಯೇರಿ ಊದುತ್ತ, ಜ್ವರವೂ ಬಂದರೆ ಆ ದಿನವೇ ಆಸ್ಪತ್ರೆ. ಪೀಣ್ಯದಲ್ಲಿ ಕ್ರೋಮಿಯಂ ಪ್ಲೇಟಿಂಗ್ ಮಾಡುವವರ ಕೈಯ ಹುಣ್ಣು, ಲೇತ್ ಎಣ್ಣೆ ತಗುಲಿದವರ ತೊಡೆಯ ಮೊಡವೆ ಸೋಂಕಿನಂತೆ ಕಂಡರೂ ಅವುಗಳ ಮೂಲ ರಾಸಾಯನಿಕ, ಎಣ್ಣೆ. ಅಲ್ಲಿ ಬದಲಾಗಬೇಕಾದದ್ದು ಕೆಲಸದ ರೀತಿ.

ಹುಳುಕಡ್ಡಿಯ ಮದ್ದನ್ನು ಕಲೆಯ ಮೇಲಷ್ಟೇ ಅಲ್ಲ, ಅಂಚಿನಾಚೆ ಎರಡು ಸೆಂಟಿಮೀಟರ್‌ವರೆಗೆ ಹಚ್ಚಬೇಕು. ವಾಸಿಯಾದಂತೆ ಕಂಡ ಮೇಲೂ ಎರಡು ವಾರ ಬಿಡಬಾರದು. ಟವೆಲ್, ಒಳಉಡುಪು ಬೇರೆ ಇರಲಿ, ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಮುಖ್ಯವಾಗಿ, ಕೋಣೆಯಲ್ಲಿ ತುರಿಸಿಕೊಳ್ಳುವ ಎಲ್ಲರೂ ಒಂದೇ ವಾರ ವೈದ್ಯರ ಹತ್ತಿರ ಹೋಗಬೇಕು. ದಿನಪಾಳಿಯವನು ಎದ್ದ ಹಾಸಿಗೆಗೆ ರಾತ್ರಿಪಾಳಿಯವನು ಬಂದು ಮಲಗುವ ಕಡೆ, ಒಬ್ಬನಿಗೆ ವಾಸಿಯಾಗುವ ಹೊತ್ತಿಗೆ ಇನ್ನೊಬ್ಬನಲ್ಲಿ ಅದು ಶುರುವಾಗಿರುತ್ತದೆ.